ಕುಣಿಗಲ್ ಕೆರೆಯ ತಾವರೆಗಳು

ಮೊನ್ನೆ ತುಮಕೂರಿನ ಶಿರಾ ಗೇಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎದುರಿನ ಅಂಗಡಿಯವನು ತನ್ನ ಷಟರಿಗೆ ಎನಾಮೆಲ್ ಬಣ್ಣ ಹೊಡೆಸುತ್ತಿದ್ದ. ಬಿಸಿಲಿಗೆ ಕಾದ ತಗಡಿನ ಮೇಲೆ ಹಸಿ ಬಣ್ಣ ಬಿದ್ದು ಆ ವಾಸನೆ ಗಂಟಲಿಗೇ ಬಂತು. ಸೆರಗು ಮೂಗಿಗೆ ಹಿಡಿದು ಆಚೆ ಹೋಗಿ ನಿಂತೆ. ಜೊತೆಗಿದ್ದ ತಂಗಿ, "ಯಾಕಕ್ಕ, ತಲೆನೋವಾ?" ಎಂದಳು. ತಲೆನೋವಲ್ಲ, ಸಿಟ್ಟು. ಇಷ್ಟು ವರ್ಷ ಕಳೆದರೂ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಆ ಒಂದು ಬೇಸಿಗೆ ನೆನಪಾಗಿ ಮೈ ಉರಿಯುತ್ತದೆ.

ಆಗ ಅರವತ್ತರ ದಶಕ ಶುರುವಾಗಿತ್ತಷ್ಟೆ. ನಾನು ತುಮಕೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಡ್ರಾಯಿಂಗ್ ಟೀಚರೆಂದರೆ ಸ್ವಾಗತದ ಬೋರ್ಡು ಬರೆಯುವುದಕ್ಕೆ, ಸಮಾರಂಭಕ್ಕೆ ರಂಗೋಲಿ ಹಾಕುವುದಕ್ಕೆ, ಬೇರೆಯವರು ರಜ ಹಾಕಿದಾಗ ಅವರ ಕ್ಲಾಸು ಕಾಯುವುದಕ್ಕೆ ಇರುವವಳು ಎಂದು ಎಲ್ಲರ ತಿಳುವಳಿಕೆ. ಯುಗಾದಿ ಕಳೆದು ಪರೀಕ್ಷೆಗಳೆಲ್ಲ ಮುಗಿಯುವ ಹೊತ್ತಿಗೆ ಹೆಡ್‌ಮಿಸ್ಟ್ರೆಸ್ಸು ನನ್ನನ್ನು ಕರೆದು, "ಲಲಿತಾ, ಈ ಸಲ ನಿಮಗೆ ಬೇಸಿಗೆ ರಜ ಇಲ್ಲ. ದೊಡ್ಡ ಸಾಹೇಬರು ಒಂದು ಕೆಲಸಕ್ಕೆ ನಿಮ್ಮನ್ನ ಕೇಳಿದಾರೆ" ಎಂದರು.

ಜಿಲ್ಲೆಗೆ ಹೊಸದಾಗಿ ಬಂದಿದ್ದ ಆ ದೊಡ್ಡ ಅಧಿಕಾರಿಗೆ ಚಿತ್ರಗಳ ಹುಚ್ಚು. ಕ್ಯಾಂಪಿಗೆ ಹೋದ ಕಡೆಯೆಲ್ಲ ಸರ್ಕಾರಿ ಕಟ್ಟಡಗಳ ಒಳಗೆ ಒಳ್ಳೊಳ್ಳೆಯ ಚಿತ್ರಗಳು ನೇತಾಡುತ್ತಿರುವುದನ್ನು ಅವರು ನೋಡಿದ್ದರು. ಮಹಾರಾಜರ ಕಾಲದಲ್ಲಿ ಬರೆಸಿದವು. ಆಫೀಸರ ಕುರ್ಚಿಯ ಹಿಂದೆ, ಕೋರ್ಟಿನ ಪಡಸಾಲೆಯಲ್ಲಿ, ಟ್ರಾವಲರ್ಸ್ ಬಂಗಲೆಯ ಊಟದ ಕೋಣೆಯಲ್ಲಿ. ಅವನ್ನೆಲ್ಲ ಒಂದು ಕಡೆ ತಂದು, ಕಾಲೇಜಿನ ಹಾಲು ರಜದಲ್ಲಿ ಖಾಲಿ ಇರುವಾಗ ಸಾರ್ವಜನಿಕರಿಗೆ ತೋರಿಸಬೇಕು ಎಂದು ಅವರ ಆಸೆ. ತೂಗುಹಾಕುವುದು, ಕೆಳಗೆ ಚೀಟಿ ಬರೆದು ಅಂಟಿಸುವುದು, ತರುವಾಗ ಹರಿಯದಂತೆ ನೋಡಿಕೊಳ್ಳುವುದು ನನ್ನ ಪಾಲಿಗೆ. ಉಳಿದ ಏರ್ಪಾಡಿನ ಹೊಣೆ ಅವರ ಕೈಕೆಳಗಿನ ಒಬ್ಬ ಅಧಿಕಾರಿಗೆ. ಪ್ರದರ್ಶನದ ಕಮಿಟಿಗೆ ಈ ಕೈಕೆಳಗಿನ ಅಧಿಕಾರಿಯೇ ಅಧ್ಯಕ್ಷರು. ಅವರನ್ನು ಅಧ್ಯಕ್ಷರೆಂದೇ ಕರೆಯುತ್ತೇನೆ.

ನನಗೆ ಕಾಲು ನೆಲದ ಮೇಲೆ ನಿಲ್ಲದಷ್ಟು ಖುಷಿಯಾಯಿತು. ಅದಕ್ಕೆ ಕಾರಣ ವೀರಭದ್ರಾಚಾರ್ಯರು.

ಆಚಾರ್ಯರು ಗುಬ್ಬಿಯಲ್ಲಿ ನಮ್ಮ ಬೀದಿಯವರು. ನಾಟಕದ ಪರದೆ ಬರೆಯುವುದು ಅವರ ಕಸುಬು. ಅರಮನೆ, ಅಡವಿ, ರಾಜಬೀದಿ, ಸ್ಮಶಾನ, ಯಾವ ಕಂಪನಿಗೆ ಯಾವ ಪರದೆ ಬೇಕಾದರೂ ಮನೆ ಹಿಂದಿನ ಬಯಲಿನಲ್ಲಿ ಬಟ್ಟೆ ಹರಡಿಕೊಂಡು ಬರೆಯುತ್ತಿದ್ದರು. ನಾನು ಸ್ಕೂಲು ಬಿಟ್ಟರೆ ನೇರವಾಗಿ ಅಲ್ಲಿಗೇ. ಬಣ್ಣ ಅರೆಯುವುದು, ಕುಂಚ ಹಿಡಿಯುವುದು ಅವರಿಂದ ಕಲಿತದ್ದು. ನೆರಳೆಂದರೆ ಬರೀ ಕಪ್ಪಲ್ಲ ಎಂದು ಮೊದಲು ತೋರಿಸಿಕೊಟ್ಟವರೂ ಅವರೇ. ಅವರ ಹೆಂಡತಿ ಗೌರಮ್ಮ ನನಗೆ ಗೌರತ್ತೆ. ಬಾಯಿ ಜೋರು. ಸಂಜೆ ನನ್ನ ಕೈಗಂಟಿದ ಬಣ್ಣವನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆಯುತ್ತ, ಗಂಡನನ್ನೂ ನನ್ನನ್ನೂ ಒಟ್ಟಿಗೆ ಬೈಯುತ್ತಿದ್ದರು.

ಆಚಾರ್ಯರು ಪರದೆ ಬಿಟ್ಟು ಚೌಕಟ್ಟಿನೊಳಗೆ ಬರೆದದ್ದು ಒಂದೇ ಒಂದು ಎಣ್ಣೆಬಣ್ಣದ ಚಿತ್ರ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಕುಣಿಗಲ್ಲಿನ ಒಬ್ಬ ಆಫೀಸರು ಇವರ ಪರದೆಯ ಮೇಲಿದ್ದ ಕೊಳವನ್ನು ನೋಡಿ ಮೆಚ್ಚಿ, ತಮ್ಮ ಕಚೇರಿಗೆ ಕುಣಿಗಲ್ ಕೆರೆಯ ಚಿತ್ರ ಬರೆದುಕೊಡಿ ಎಂದು ಕರೆಸಿದ್ದರಂತೆ. ಅದು ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ. ಗಂಡಹೆಂಡಿರು ಕೆರೆ ಏರಿಯ ಕೆಳಗಿನ ಒಂದು ಮನೆಯಲ್ಲಿ ಉಳಿದರು. ಗೌರತ್ತೆ ಆಗ ಮದುವೆಯಾಗಿ ಬಂದ ಹೊಸತು. ಬೆಳಗ್ಗೆ ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ ಆಚಾರ್ಯರು ಏರಿಯ ಮೇಲಿಂದ "ಗೌರೀ" ಎಂದು ಕೂಗಿದರೆ ಕೈಯಲ್ಲಿನ ಸೀರೆ ಹಾಗೇ ಹಿಡಿದು ತಿರುಗಿ ನೋಡುತ್ತಿದ್ದರಂತೆ. ಅದನ್ನೇ ಬರೆದರು. ಕೆರೆ, ಏರಿ, ಆಚೆ ದಡದ ಮರಗಳು, ಮುಂದುಗಡೆ ಮೆಟ್ಟಿಲ ಮೇಲೆ ತಿರುಗಿ ನೋಡುವ ಹೆಂಗಸು. ಮುಖ ಬರೆಯುವ ಮೊದಲೇ ಗೌರತ್ತೆ ಹೆರಿಗೆಗೆಂದು ತವರಿಗೆ ಹೋದರು. ಕೂಸು ಎತ್ತಿಕೊಂಡು ಬರುವಷ್ಟರಲ್ಲಿ ಚಿತ್ರ ಕಚೇರಿಯ ಒಳಕೋಣೆಯ ಗೋಡೆಗೇರಿತ್ತು. ಮುಖವನ್ನು ಆಚಾರ್ಯರು ನೆನಪಿನಿಂದಲೇ ಬರೆದಿದ್ದರು.

ಆಮೇಲೆ ಅವರಿಗೆ ಆ ಚಿತ್ರ ನೋಡಲು ಸಿಗಲೇ ಇಲ್ಲ. ಎಷ್ಟೋ ಸಲ ಕುಣಿಗಲ್ಲಿಗೆ ಹೋಗಿ ಬಾಗಿಲಲ್ಲಿ ನಿಂತು ಬಂದಿದ್ದರು. ಜವಾನ "ಏನ್ ಕೆಲ್ಸ?" ಎನ್ನುತ್ತಿದ್ದ. "ಚಿತ್ರ ನೋಡ್ಬೇಕಿತ್ತು" ಅಂದರೆ "ಅರ್ಜಿ ಗಿರ್ಜಿ ಏನಾದ್ರೂ ತಂದಿದೀರಾ? ಇಲ್ಲಾಂದ್ರೆ ನಡೀರಿ" ಎಂದು ಕಳಿಸುತ್ತಿದ್ದ. ಗೌರತ್ತೆಯಂತೂ ಒಮ್ಮೆಯೂ ನೋಡಿರಲಿಲ್ಲ. ಜಗಳವಾದಾಗೆಲ್ಲ ಆಚಾರ್ಯರು, "ನಿನ್ನನ್ನ ಸರ್ಕಾರಿ ಗೋಡೆ ಮೇಲೆ ಕೂರಿಸಿದೀನಿ ಕಣೇ. ಎಂತೆಂಥ ಆಫೀಸರೂ ತಲೆ ಎತ್ತಿದ್ರೆ ನಿನ್ ಮುಖ ನೋಡ್ಬೇಕು" ಎನ್ನುತ್ತಿದ್ದರು. ಗೌರತ್ತೆ ಹುಬ್ಬು ಗಂಟಿಕ್ಕುತ್ತಿದ್ದರು. ಆದರೆ ಬೀದಿಯ ಹೆಂಗಸರ ಮುಂದೆ ಅದೇ ಮಾತನ್ನು ತಾವೇ ಹೇಳುತ್ತಿದ್ದರು.

ನಾನು ಗುಬ್ಬಿಗೆ ಹೋಗಿ ಪ್ರದರ್ಶನದ ಸುದ್ದಿ ಹೇಳಿದೆ. ಆಚಾರ್ಯರಿಗೆ ಆಗಲೇ ಕಣ್ಣಿಗೆ ಪೊರೆ ಬರುತ್ತಿತ್ತು. ಪರದೆ ಬರೆಯುವುದು ನಿಂತಿತ್ತು. "ಇನ್ನೂ ಹತ್ರ ಹಿಡಿದ್ರೆ ಕಾಣ್ತದೆ. ಬೇಗ ಮಾಡ್ಸವ್ವಾ" ಎಂದರು.

ಬೇಗ! ಸರ್ಕಾರಿ ಗೋಡೆಯಿಂದ ಒಂದು ಚಿತ್ರ ಇಳಿಸುವುದು ಎಂದರೇನೆಂದು ನನಗೂ ಗೊತ್ತಿರಲಿಲ್ಲ. ದೊಡ್ಡ ಸಾಹೇಬರ ಆರ್ಡರು ಕೈಯಲ್ಲಿ ಹಿಡಿದು ಉರಿಬಿಸಿಲಿನಲ್ಲಿ ಊರೂರು ಬಸ್ಸು ಹತ್ತಿ ಇಳಿದೆ. ಒಂದು ಕಡೆ, ಚಿತ್ರ ತೆಗೆದರೆ ಗೋಡೆಯ ಮೇಲೆ ಚೌಕಾಕಾರದ ಕಲೆ ಕಾಣುತ್ತದೆ, ಸುಣ್ಣ ಹೊಡೆಸಿಕೊಟ್ಟು ತೆಗೆದುಕೊಂಡು ಹೋಗಿ ಎಂದರು. ಇನ್ನೊಂದು ಕಡೆ ಹೆಡ್ ಗುಮಾಸ್ತರು ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಮಗಳ ಮದುವೆಗೆ ಹೋಗಿದ್ದರು. ಮತ್ತೊಬ್ಬ ಆಫೀಸರು ತಮ್ಮ ಕುರ್ಚಿಯ ಹಿಂದೆ ಬೋಳಾಗಬಾರದೆಂದು ಅಷ್ಟೇ ದೊಡ್ಡ ಇನ್ನೊಂದು ಚಿತ್ರ ತಂದರೆ ಮಾತ್ರ ಇಳಿಸುತ್ತೇನೆಂದು ಹಟ ಹಿಡಿದರು. ಕೊನೆಗೆ ದೇವರ ಪಟದ ಕ್ಯಾಲೆಂಡರೊಂದಕ್ಕೆ ಒಪ್ಪಿದರು. ಕುಣಿಗಲ್ಲಿನ ಆ ಕಚೇರಿಯಲ್ಲಿ ಮಾತ್ರ ನನ್ನನ್ನು ಒಳಕೋಣೆಗೆ ಬಿಡಲೇ ಇಲ್ಲ. "ನಾವೇ ಪ್ಯಾಕ್ ಮಾಡಿ ಕಳಿಸ್ತೀವಿ" ಎಂದು ಗೋಣಿತಾಟು ಸುತ್ತಿ, ಹಗ್ಗ ಬಿಗಿದು, ಲಾರಿಗೆ ಹಾಕಿದರು.

ಕಾಲೇಜಿನ ಹಾಲಿನಲ್ಲಿ ಹಗ್ಗ ಬಿಚ್ಚಿದೆ. ಕೆರೆ ಇತ್ತು, ಏರಿ ಇತ್ತು, ಮರಗಳಿದ್ದವು. ಬೆಳಗಿನ ಬೆಳಕು ನೀರಿನ ಮೇಲೆ ಬಿದ್ದ ರೀತಿ ನೋಡಿ ಎದೆ ತುಂಬಿತು. ಆದರೆ ಮುಂದುಗಡೆ ಮೆಟ್ಟಿಲೇ ಇರಲಿಲ್ಲ. ಅಲ್ಲಿ ಕಿಟಕಿ ಸರಳಿಗೆ ಬಳಿಯುವಂಥ ಗಟ್ಟಿ ನೀಲಿ ಎನಾಮೆಲ್ ಬಣ್ಣ, ಅದರ ಮೇಲೆ ಬಿಳಿಯ, ಗುಲಾಬಿಯ ದಪ್ಪ ದಪ್ಪ ತಾವರೆಗಳು. ಬೇರೆ ಯಾವುದೋ ಚಿತ್ರ ಕಳಿಸಿರಬೇಕೆಂದು ಮೂಲೆ ನೋಡಿದೆ. ಆಚಾರ್ಯರ ರುಜು ಇತ್ತು. ಹೆಂಗಸಿರಲಿಲ್ಲ.

ಲಾರಿಯ ಜೊತೆ ಬಂದಿದ್ದ ಜವಾನನನ್ನು ಕೇಳಿದೆ. ಅವನಿಗೆ ಅದೊಂದು ವಿಷಯವೇ ಅಲ್ಲ. "ಓ ಅದಾ? ಹಿಂದ್ಲ ಸಾಹೇಬ್ರು ಇದ್ದಾಗ ಅಳಿಸಿದ್ದು ಕಣಮ್ಮ. ಇನ್‌ಸ್ಪೆಕ್ಷನ್ನಿಗೆ ಬಂದೋರು ಯಾರೋ, ಇದೇನ್ರೀ ಆಫೀಸ್ನಾಗೆ ಬಟ್ಟೆ ಒಗಿಯೋ ಹೆಂಗಸು ಅಂದ್ರಂತೆ. ಬಾಗ್ಲಿಗೆ ಬಣ್ಣ ಹೊಡಿಯೋಕೆ ಬಂದಿದ್ದೋನ ಕೈಲೇ ಹೂವು ಬರ್ಸಿದ್ರು."

ನಾನು ಅಲ್ಲಿಂದ ನೇರ ಅಧ್ಯಕ್ಷರ ಮನೆಗೆ ಹೋದೆ. ಅವರು ಕೆಟ್ಟವರಲ್ಲ, ಕುರ್ಚಿ ಹಾಕಿಸಿದರು, ಮಜ್ಜಿಗೆ ಕೊಡಿಸಿದರು, ಪೂರ್ತಿ ಕೇಳಿಸಿಕೊಂಡರು. ಬರೆದವರು ಇನ್ನೂ ಬದುಕಿದ್ದಾರೆ, ಅವರನ್ನೇ ಕರೆಸಿ ಮೇಲಿನ ಬಣ್ಣ ತೆಗೆಸೋಣ ಎಂದೆ.

"ಬರೆದೋರು ಅವರಿರಬಹುದಮ್ಮ. ಚಿತ್ರ ಸರ್ಕಾರದ್ದು" ಎಂದರು.

"ಹೂವು ಬರೆದು ಹಾಳು ಮಾಡಿದಾರಲ್ಲ ಸರ್?"

"ಅದನ್ನ ಮಾಡಿದ್ದೂ ಸರ್ಕಾರವೇ. ಈಗ ತೆಗೀಬೇಕಾದ್ರೂ ಸರ್ಕಾರವೇ ಹೇಳಬೇಕು. ಪ್ರದರ್ಶನ ಮುಗೀಲಿ, ಒಂದು ಅರ್ಜಿ ಕೊಡಿ, ಫಾರ್ವರ್ಡ್ ಮಾಡ್ತೀನಿ."

ದೊಡ್ಡ ಸಾಹೇಬರನ್ನೇ ಕಾಣೋಣವೆಂದರೆ ಅವರು ಅಷ್ಟರಲ್ಲೇ ವರ್ಗವಾಗಿ ಹೊರಟು ಹೋಗಿದ್ದರು. ಪ್ರದರ್ಶನ ಅವರ ಕೂಸು. ಈಗ ಅದು ತಬ್ಬಲಿ.

ಉದ್ಘಾಟನೆಗೆ ಮಂತ್ರಿಗಳು ಬರಬೇಕಿತ್ತು. ಬರಲಿಲ್ಲ. ಇನ್ನೊಂದು ದಿನ ಗೊತ್ತಾಯಿತು, ಅವತ್ತೂ ಬರಲಿಲ್ಲ. ಚಿತ್ರಗಳೆಲ್ಲ ಗೋಡೆಗೇರಿ, ಹಾಲಿಗೆ ಬೀಗ ಬಿದ್ದು, ಹೊರಗೆ ಕಾಗದದ ತೋರಣ ಬಣ್ಣಗೆಟ್ಟು ನೇತಾಡುತ್ತಿತ್ತು. ತಗಡಿನ ಮಾಡಿನ ಕೆಳಗೆ ಒಲೆಯ ಹಾಗೆ ಕಾವು. ಕಿಟಕಿಯನ್ನಾದರೂ ತೆಗೆದಿಡಿ ಎಂದು ಗೋಗರೆದೆ. ಸಾಮಾನು ಸರ್ಕಾರದ್ದು, ಕಿಟಕಿ ತೆಗೆಯುವಂತಿಲ್ಲ ಎಂದರು. ಪ್ರತಿದಿನ ಹೋಗಿ ಮುಚ್ಚಿದ ಬಾಗಿಲು ನೋಡಿಕೊಂಡು ಬರುತ್ತಿದ್ದೆ. ಆಚಾರ್ಯರಿಗೆ ವಿಷಯ ಹೇಗೆ ಹೇಳುವುದೆಂದು ತೋಚುತ್ತಿರಲಿಲ್ಲ. ಗುಬ್ಬಿಗೆ ಹೋಗಿ ಹೇಳೋಣವೆಂದು ಒಂದು ದಿನ ಹೊರಟರೆ, ಅದೇ ದಿನ ಮಂತ್ರಿಗಳ ಬದಲು ಬೇರೆ ಯಾರೋ ಪ್ರಮುಖರು ಸಿಕ್ಕಿದ್ದಾರೆ, ಈಗಲೇ ಬನ್ನಿ ಎಂದು ಜವಾನ ಬಸ್‌ಸ್ಟ್ಯಾಂಡಿಗೇ ಓಡಿಬಂದ.

ಬಾಗಿಲು ತೆರೆಯಿತು. ಜನ ಬಂದದ್ದು ನೋಡಿ ನನಗೇ ಆಶ್ಚರ್ಯ. ಸಂತೆಗೆ ಬಂದವರು, ಕೋರ್ಟಿಗೆ ಬಂದವರು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡ ಹೆಂಗಸರು, ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬಂದರು. ಚಿತ್ರಗಳಿಗೂ ಜನಕ್ಕೂ ನಡುವೆ ದೂರದಲ್ಲೇ ಹಗ್ಗ ಕಟ್ಟಿ ಒಬ್ಬ ಕಾನ್‌ಸ್ಟೇಬಲನ್ನು ನಿಲ್ಲಿಸಿದ್ದರು. ಹಾಗಲವಾಡಿ ಕಡೆಯ ಒಬ್ಬ ಹಿರಿಯರು ಕುದುರೆಯ ಚಿತ್ರವೊಂದರ ಮುಂದೆ ನಿಂತು, "ಈ ಪಟದ್ ಕೆಳಗೇ ಎಷ್ಟು ಕಿತ ಕೈ ಮುಗಿದ್ಕಂಡ್ ನಿಂತಿದೀನಿ. ಪಟ ನೋಡಿದ್ದು ಇವತ್ತೇಯ" ಎಂದರು. ಆ ಮಾತಿಗಾಗಿಯಾದರೂ ಪಟ್ಟ ಪಾಡು ಸಾರ್ಥಕ ಎನ್ನಿಸಿತು.

ಬಾಗಿಲು ತೆರೆದ ಸುದ್ದಿ ಹೇಗೋ ಗುಬ್ಬಿಗೂ ಮುಟ್ಟಿತ್ತು. ಎರಡನೆಯ ದಿನ ಗುಬ್ಬಿ ಬಸ್ಸಿನಿಂದ ಆಚಾರ್ಯರು ಇಳಿದರು. ಕೋಟು ಹಾಕಿ ರುಮಾಲು ಸುತ್ತಿದ್ದರು. ಹಿಂದೆ ರೇಷ್ಮೆ ಸೀರೆಯಲ್ಲಿ ಗೌರತ್ತೆ. ಅವರ ಹಿಂದೆ ಬೀದಿಯ ಹೆಂಗಸರೆಲ್ಲ. ನಾನು ಗೇಟಿಗೆ ಓಡಿ ಆಚಾರ್ಯರ ಕೈ ಹಿಡಿದು ಪಕ್ಕಕ್ಕೆ ಕರೆದು ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ.

"ಹೂವಾ? ನಾನ್ ಹೂವು ಬರ್ದಿಲ್ಲವಲ್ಲವ್ವ."

"ನೀವಲ್ಲ ಮೇಷ್ಟ್ರೇ. ಆಮೇಲೆ ಯಾರೋ ಬರೆದಿದಾರೆ. ಗೌರತ್ತೆ ಮೇಲೆ."

ಅಷ್ಟರಲ್ಲಿ ಹೆಂಗಸರು ಒಳಗೆ ಹೋಗಿಬಿಟ್ಟಿದ್ದರು.

ನಾವು ಹೋಗುವ ಹೊತ್ತಿಗೆ ಗೌರತ್ತೆ ಹಗ್ಗದ ಮುಂದೆ ನಿಂತಿದ್ದರು. "ಎಲ್ಲಿದೀಯ ಗೌರಕ್ಕ? ತೋರ್ಸು ಮತ್ತೆ" ಎಂದು ಹೆಂಗಸರು ಕೇಳುತ್ತಿದ್ದರು. ಗೌರತ್ತೆ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ನಾನೆಲ್ಲಿದೀನ್ರೀ ಇದ್ರಾಗೆ?"

ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಗೌರತ್ತೆಯ ಮುಖ ಕೆಂಪಗಾದದ್ದನ್ನು ನಾನು ಅದೇ ಮೊದಲು ನೋಡಿದ್ದು. "ಇಷ್ಟು ವರ್ಷ ಸುಳ್ಳು ಹೇಳ್ಕಂಡ್ ಬಂದ್ರಾ ನಂಗೆ?" ಎಂದರು. ದನಿ ಜೋರಿರಲಿಲ್ಲ.

"ಇಲ್ಲ ಗೌರೀ. ಅಲ್ಲೇ ಇದೀಯ. ಆ ಹೂವಿನಡಿಗೆ ಇದೀಯ."

ಗೌರತ್ತೆ ಹಗ್ಗ ಎತ್ತಿ ಒಳಗೆ ನುಗ್ಗಿದರು. ಕಾನ್‌ಸ್ಟೇಬಲ್ "ಏಯ್, ಏಯಮ್ಮಾ" ಎಂದು ಕೂಗಿದ. ಅವರು ನೇರ ಚಿತ್ರದ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಮುಚ್ಚಿದ ಹಾಲಿನ ಕಾವಿಗೆ ಎನಾಮೆಲ್ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಒಂದು ಗುಳ್ಳೆಗೆ ಉಗುರು ಹಾಕಿ ಎಳೆದರು. ನೀಲಿಯ ಹಕ್ಕಳೆಯೊಂದು ಕಳಚಿ ಬಿತ್ತು. ಅದರಡಿ ಹಸಿರು ಬಳೆ, ಒದ್ದೆಯ ಮುಂಗೈ.

"ಅಯ್ ಶಿವನೇ, ಕೈ ಐತೆ!" ಎಂದು ಯಾರೋ ಕೂಗಿದರು. ಜನ ಹಗ್ಗ ದಾಟಿ ಮುಂದೆ ಬಂದರು. ಕಾನ್‌ಸ್ಟೇಬಲ್ ಜನರ ಹಿಂದೆ ಸಿಕ್ಕಿಕೊಂಡ. ಚೌಕಟ್ಟು ಒರೆಸಲೆಂದು ನಾನು ತಂದಿಟ್ಟಿದ್ದ ಟರ್ಪೆಂಟೈನ್ ಬಾಟಲಿ ಮೂಲೆಯಲ್ಲಿತ್ತು. ಅದನ್ನೂ ಹತ್ತಿಯನ್ನೂ ತಂದು ಆಚಾರ್ಯರ ಕೈಗೆ ಕೊಟ್ಟೆ. ಯೋಚಿಸಲಿಲ್ಲ. ಯೋಚಿಸಿದ್ದರೂ ಅದನ್ನೇ ಮಾಡುತ್ತಿದ್ದೆ.

ಆಚಾರ್ಯರು ಮೂಗು ಚಿತ್ರಕ್ಕೆ ತಾಗುವಷ್ಟು ಹತ್ತಿರ ಹೋಗಿ ಮೆಲ್ಲಗೆ ಒರೆಸತೊಡಗಿದರು. ತೋಳು ಬಂತು. ಹೆಗಲು ಬಂತು. ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಂತು. ಗುಬ್ಬಿಯ ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಬಂದು ನೋಡಿದರು. ಗಲ್ಲ ಕಾಣಿಸಿ, ಇನ್ನೇನು ಕಣ್ಣು ಬರಬೇಕು, ಅಷ್ಟರಲ್ಲಿ ಅಧ್ಯಕ್ಷರು ಬಂದರು.

"ನಿಲ್ಲಿಸಿ! ಯಾರು ಹೇಳಿದ್ರು ಇದನ್ನ ಮುಟ್ಟೋಕೆ?"

ಆಚಾರ್ಯರು ಹತ್ತಿ ಹಿಡಿದ ಕೈಯನ್ನೇ ಮುಗಿದರು. "ನಾನೇ ಬರ್ದಿದ್ದು ಸ್ವಾಮಿ."

"ಬರೆದದ್ದು ಆವಾಗ. ಈವಾಗ ಮಾಡ್ತಿರೋದು ಸರ್ಕಾರಿ ಆಸ್ತಿ ನಷ್ಟ."

ಪ್ರದರ್ಶನ ಅಂದೇ ಮುಚ್ಚಿತು. ಇನ್ನೊಂದು ದಿನ ಬಾಕಿಯಿತ್ತು. ದೂರದ ಊರುಗಳಿಂದ ಬಂದವರು ಮರುದಿನ ಬೀಗ ನೋಡಿ ವಾಪಸು ಹೋದರು. ನನಗೆ ಮೆಮೊ ಬಂತು. ಕಮಿಟಿ ಸೇರಿ, ಆ ವೃದ್ಧರ ಮೇಲೂ ಅವರ ಹೆಂಡತಿಯ ಮೇಲೂ ಕೇಸು ಹಾಕುವುದು ಬೇಡ, ಆದರೆ ಚಿತ್ರವನ್ನು ಅವರೇ ಮೊದಲಿದ್ದ ಸ್ಥಿತಿಗೆ ತಂದುಕೊಡಬೇಕು ಎಂದು ತೀರ್ಮಾನಿಸಿತು. ಮೊದಲಿದ್ದ ಸ್ಥಿತಿ ಎಂದರೆ ಯಾವುದು ಎಂದು ಕೇಳಿದೆ. "ಪ್ರದರ್ಶನಕ್ಕೆ ಬಂದಾಗ ಇದ್ದ ಸ್ಥಿತಿ" ಎಂದರು ಅಧ್ಯಕ್ಷರು. ಅಂದರೆ ತಾವರೆ. ನಾನು ಅತ್ತೆ, ಕೂಗಾಡಿದೆ, ವರ್ಗವಾಗಿ ಹೋದ ಸಾಹೇಬರಿಗೂ ಬರೆದೆ. ಒಂದು ಕಡೆಯಿಂದಲೂ ಉತ್ತರವಿಲ್ಲ.

ಗುಬ್ಬಿಗೆ ಹೋಗಿ ಇದನ್ನು ಹೇಳಬೇಕಾದವಳೂ ನಾನೇ. ಆಚಾರ್ಯರು ಕಂಬಕ್ಕೆ ಒರಗಿ ಕೂತಿದ್ದರು. "ನಾನ್ ಬರಿಯಲ್ಲ. ಜೈಲಿಗೆ ಹಾಕ್ಲಿ" ಎಂದರು. ಗೌರತ್ತೆ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು. "ಈ ವಯಸ್ನಾಗೆ ಜೈಲಿಗೆ ಹೋಗಿ ಏನ್ ಮಾಡ್ತೀರಿ? ಈ ಹುಡುಗಿ ಕೆಲ್ಸಕ್ಕೆ ಕುತ್ತು ಬರ್ತದೆ. ನಡೀರಿ, ಬರ್ದು ಬಿಸಾಕ್ ಬರಾನ."

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಮೂವರೂ ಕುಣಿಗಲ್ಲಿಗೆ ಹೋದೆವು. ಈ ಸಲ ಜವಾನನೇ ಬಾಗಿಲು ತೆಗೆದ. ಆಚಾರ್ಯರು ಅಷ್ಟು ವರ್ಷ ಹೊರಗೆ ನಿಂತು ಬಂದಿದ್ದ ಒಳಕೋಣೆಗೆ ಕೊನೆಗೂ ಕಾಲಿಟ್ಟರು. ಚಿತ್ರವನ್ನು ಎರಡು ಕುರ್ಚಿಗಳ ಮೇಲೆ ನಿಲ್ಲಿಸಿದ್ದರು. ಅಲ್ಲಿನ ಆಫೀಸರು ಚಿಕ್ಕ ವಯಸ್ಸಿನವರು, ಮೃದು ಮಾತಿನವರು.

"ಹಳೇ ಎನಾಮೆಲ್ ಪೂರ್ತಿ ತೆಗೀದೆ ಹೊಸ ಬಣ್ಣ ನಿಲ್ಲಲ್ಲ ಸ್ವಾಮಿ" ಎಂದರು ಆಚಾರ್ಯರು. ಅದು ನಿಜವೂ ಹೌದು. ಆಫೀಸರು ತಲೆಯಾಡಿಸಿದರು.

ಆಚಾರ್ಯರು ಮಧ್ಯಾಹ್ನದವರೆಗೆ ಒರೆಸಿದರು. ಅವರಿಗೆ ಕಾಣದ ಕಡೆ ನಾನು ಕೈ ಹಿಡಿದು ತೋರಿಸಿದೆ. ಒಂದೊಂದೇ ತಾವರೆ ಹೋಗಿ ಮೆಟ್ಟಿಲು ಬಂತು, ಒಗೆಯುವ ಕಲ್ಲು ಬಂತು, ಕಡೆಗೆ ಮುಖ ಬಂತು. ಕೈಯಲ್ಲಿ ಒದ್ದೆ ಸೀರೆ ಹಿಡಿದು, ಯಾರೋ ಕರೆದದ್ದಕ್ಕೆ ತಿರುಗಿ ನೋಡುವ ಹುಡುಗಿ. ನಗು ಇನ್ನೂ ಬಂದಿಲ್ಲ, ಬರುವುದರಲ್ಲಿದೆ. ನಮ್ಮ ಪಕ್ಕದಲ್ಲಿ ನಿಂತಿದ್ದ, ಹಲ್ಲು ಬಿದ್ದ, ಬಾಯಿಬಡಕಿ ಗೌರತ್ತೆಯ ಮುಖದಲ್ಲಿ ಆ ಹುಡುಗಿ ಎಲ್ಲಿದ್ದಾಳೆಂದು ಎಲ್ಲರಿಗೂ ಗೊತ್ತಾಗುವ ಹಾಗೆ ಬರೆದಿದ್ದರು. ಗುಮಾಸ್ತರು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತರು. ಗೌರತ್ತೆ ಹತ್ತಿರ ಬಂದು ನೋಡಿದರು. ತಮ್ಮ ಕೆನ್ನೆಯನ್ನು ಒಮ್ಮೆ ಮುಟ್ಟಿಕೊಂಡರು.

ಆಫೀಸರು ಬಹಳ ಹೊತ್ತು ನೋಡಿದರು. "ತುಂಬ ಚೆನ್ನಾಗಿದೆ" ಎಂದರು. ನನಗೆ ಜೀವ ಬಂತು.

"ಹಾಗಾದ್ರೆ ಹೀಗೇ ಬಿಡೋಣ ಸರ್. ನೀವು ಒಂದು ಮಾತು ಬರೆದ್ರೆ ಸಾಕು."

ಅವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಬಿಡಬಹುದಿತ್ತಮ್ಮ. ಆದ್ರೆ ಆರ್ಡರ್ ಆಗಿಬಿಟ್ಟಿದೆಯಲ್ಲ."

ನಾನು ಇನ್ನೂ ಏನೋ ಹೇಳಲು ಹೊರಟೆ. ಆಚಾರ್ಯರು ಬೇಡವೆಂದು ಕೈ ಮಾಡಿ ನೀಲಿ ಕಲಸಲು ಹೇಳಿದರು. ಮೊದಲು ಮೆಟ್ಟಿಲು ಮುಚ್ಚಿದರು. ಆಮೇಲೆ ಸೀರೆ, ತೋಳು. ಮುಖಕ್ಕೆ ಬಂದಾಗ ಕುಂಚ ನಿಂತಿತು. ಗೌರತ್ತೆ ಹಿಂದಿನಿಂದ, "ಕೈ ನಡುಗಿಸ್ಬ್ಯಾಡ್ರಿ, ನೆಟ್ಟಗೆ ಬರೀರಿ" ಎಂದರು. ಆಚಾರ್ಯರು ಬರೆದರು. ಪೊರೆ ಬಂದ ಕಣ್ಣಲ್ಲೂ ಎಂಥ ತಾವರೆ ಬರೆದರೆಂದರೆ, ಎಸಳಿನ ಅಂಚಿನಲ್ಲಿ ಬೆಳಗಿನ ಬೆಳಕಿತ್ತು. ಮೊದಲಿನವನು ಬಳಿದ ಹೂವಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ಆಫೀಸರು ಸಮಾಧಾನದ ದನಿಯಲ್ಲಿ, "ಆಚಾರ್ರೇ, ಮೂಲೆಯಲ್ಲಿ ನಿಮ್ಮ ರುಜು ಮಸುಕಾಗಿದೆ. ತಿದ್ದಿಬಿಡಿ" ಎಂದರು.

ಆಚಾರ್ಯರು ಹತ್ತಿ ತೆಗೆದುಕೊಂಡು ತಮ್ಮ ಹೆಸರನ್ನು ಒರೆಸಿ ತೆಗೆದರು.

ಗೌರತ್ತೆ ನೆಲಕ್ಕೆ ಬಿದ್ದಿದ್ದ ಹತ್ತಿಯನ್ನೆಲ್ಲ ಆರಿಸಿ ಉಂಡೆ ಕಟ್ಟಿದರು. ಎದ್ದು, ಗಂಡನ ಕೋಟಿನ ತೋಳಿಗೆ ಅಂಟಿದ್ದ ಬಣ್ಣವನ್ನು ಸೆರಗಿನಿಂದ ಒರೆಸಿದರು. ಬಾಗಿಲ ಹತ್ತಿರ ಹೋದವರು ಒಮ್ಮೆ ತಿರುಗಿ ಚಿತ್ರದ ಕಡೆ ನೋಡಿದರು.

"ಹೂವು ಚೆನ್ನಾಗ್ ಬಂದವೆ" ಎಂದರು. "ನಡೀರಿ, ಬಸ್ಸು ಹೋಗ್ಬುಡ್ತದೆ."